ಯಾವ ಕಾನ್ಫರೆನ್ಸಿಗೆ ಕಳಿಸಲಿ? ಕಲಬುರಗಿ ಕಡೆಯ ಸಂಶೋಧಕರಿಗೆ ಒಂದು ಹೋಲಿಕೆ

ಹೋದ ವಾರ ನನ್ನ ಪಿಜಿ ವಿದ್ಯಾರ್ಥಿನಿ ಒಪಿಡಿ ಮುಗಿಸಿ ಬಂದವಳೇ ಮೊಬೈಲನ್ನು ನನ್ನ ಮುಂದೆ ಇಟ್ಟಳು. "ಇದರಾಗ ಯಾವುದಕ್ಕ ಕಳಸ್ಲಿ ಮೇಡಂ?" ಅಂದಳು. ಐದು ಮೇಲ್ ತೆಗೆದಿಟ್ಟುಕೊಂಡಿದ್ದಳು. ಒಂದು ಯುರೋಪಿನಲ್ಲಿ ಸಾವಿರಾರು ಜನ ಸೇರುವ ದೊಡ್ಡ ಸಮ್ಮೇಳನ. ಒಂದು ಹೈದರಾಬಾದಿನಲ್ಲೇ ನಡೆಯುವ ಅಂತರರಾಷ್ಟ್ರೀಯ ಸಮಾವೇಶ. ಮೂರನೆಯದು ಕಠ್ಮಂಡುವಿನಲ್ಲಿ, ವಲಸೆ ಹೋಗುವವರ ಆರೋಗ್ಯದ ಬಗ್ಗೆಯೇ ಇರುವ ಸಣ್ಣ ಸಭೆ. ನಾಲ್ಕನೆಯದು ಪೂರ್ತಿ ಆನ್‌ಲೈನ್. ಐದನೆಯದರಲ್ಲಿ ಇವಳನ್ನು "ಗಣ್ಯ ಪ್ರೊಫೆಸರರೇ" ಎಂದು ಕರೆದು, ಮುಖ್ಯ ಭಾಷಣಕ್ಕೆ ಆಹ್ವಾನ ಕೊಟ್ಟಿದ್ದರು. ಇವಳಿನ್ನೂ ಎಂಡಿ ಎರಡನೇ ವರ್ಷ.

ಇವಳ ಥೀಸಿಸ್ ಗುಳೆ ಹೋಗುವ ಕುಟುಂಬಗಳ ಮಕ್ಕಳ ಲಸಿಕೆಯ ಬಗ್ಗೆ. ಚಿಂಚೋಳಿ, ಚಿತ್ತಾಪುರ ತಾಲ್ಲೂಕಿನ ತಾಂಡಾಗಳಲ್ಲಿ ಬಿಸಿಲಿಗೆ ತಲೆ ಕೊಟ್ಟು ಮನೆ ಮನೆ ತಿರುಗಿದ್ದಾಳೆ. ಇಂಥ ಕೆಲಸ ಜಿಲ್ಲೆ ದಾಟಿ ಹೊರಗೆ ಹೋಗಬೇಕು. ಆದರೆ ಎಲ್ಲಿಗೆ, ಹೇಗೆ, ಎಷ್ಟು ಖರ್ಚಿನಲ್ಲಿ? ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಿಂದ ಈ ಪ್ರಶ್ನೆ ನನಗೆ ಪ್ರತಿ ವರ್ಷ ಬರುತ್ತದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ದೊಡ್ಡ ಸಮ್ಮೇಳನವೋ, ಸಣ್ಣ ಸಭೆಯೋ

ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ನನ್ನ ಮಾತು ಯಾರ ಕಿವಿಗೆ ಬೀಳಬೇಕು? ಊರು, ದೇಶ, ವಿಮಾನ ಎಲ್ಲ ಆಮೇಲೆ.

ಆಸ್ಟ್ರೇಲಿಯಾದ ಪರ್ತ್ ನಗರದ ಬ್ಯಾರಿ ಮಾರ್ಷಲ್ ಅವರ ಕಥೆಯನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಅವರೂ ರಾಬಿನ್ ವಾರನ್ ಅವರೂ ಸೇರಿ ಹೊಟ್ಟೆಯ ಒಳಪದರದಲ್ಲಿ ಒಂದು ಬ್ಯಾಕ್ಟೀರಿಯಾ ಕಂಡಿದ್ದರು. ಹುಣ್ಣಿಗೂ ಅದಕ್ಕೂ ಸಂಬಂಧ ಇದೆ ಅಂತ ಅವರ ಗುಮಾನಿ. 1983ರಲ್ಲಿ ತಮ್ಮ ದೇಶದ್ದೇ ಜಠರ ರೋಗ ತಜ್ಞರ ಸಂಘದ ಸಮ್ಮೇಳನಕ್ಕೆ ಅಬ್‌ಸ್ಟ್ರಾಕ್ಟ್, ಅಂದರೆ ಕೆಲಸದ ಚಿಕ್ಕ ಸಾರಾಂಶ, ಕಳಿಸಿದರು. ಬಂದದ್ದು 67, ತೆಗೆದುಕೊಂಡದ್ದು 56. ಇವರದ್ದು ಬಿಟ್ಟುಹೋದ 11ರಲ್ಲಿ ಸೇರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬ್ರಸೆಲ್ಸ್‌ನಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಎಂಬ ಒಂದೇ ಬ್ಯಾಕ್ಟೀರಿಯಾ ಗುಂಪಿನ ಬಗ್ಗೆ ಅಂತರರಾಷ್ಟ್ರೀಯ ಸಭೆ ನಡೆಯಿತು. ಮಾರ್ಷಲ್ ಅಲ್ಲಿಗೆ ಹೋಗಿ ಹೇಳಿದರು. ಅಲ್ಲಿದ್ದವರಿಗೆ ಇಂಥ ಬ್ಯಾಕ್ಟೀರಿಯಾ ಬೆಳೆಸುವುದು ದಿನದ ಕೆಲಸ. ತಮ್ಮ ತಮ್ಮ ಲ್ಯಾಬಿಗೆ ಮರಳಿ ತಾವೇ ಹುಡುಕಬಲ್ಲವರು. 2005ರಲ್ಲಿ ಮಾರ್ಷಲ್ ಮತ್ತು ವಾರನ್ ಇಬ್ಬರಿಗೂ ನೊಬೆಲ್ ಬಂತು.

ದೊಡ್ಡ ಸಮ್ಮೇಳನದ ಲಾಭವೂ ಇದೆ. ಹೊಸ ಗೈಡ್‌ಲೈನ್ ಮೊದಲು ಕೇಳುವುದು ಅಲ್ಲಿ. ಮುಂದೆ ಫೆಲೋಶಿಪ್ಪಿಗೆ ಹೋಗಬೇಕೆನ್ನುವವರಿಗೆ ಆಯಾ ವಿಭಾಗದ ಮುಖ್ಯಸ್ಥರನ್ನು ಎದುರಿಗೆ ಕಾಣುವ ಅವಕಾಶವೂ ಅಲ್ಲೇ ಜಾಸ್ತಿ. ಆದರೆ ಒಂದೇ ಹೊತ್ತಿಗೆ ಹತ್ತು ಹಾಲ್‌ಗಳಲ್ಲಿ ಮಾತು ನಡೆಯುತ್ತಿರುತ್ತದೆ. ಪಕ್ಕದ ಹಾಲಿನಲ್ಲಿ ಹೆಸರಾಂತರೊಬ್ಬರ ಭಾಷಣ ಇದ್ದರೆ ನಿಮ್ಮ ಹಾಲಿನಲ್ಲಿ ಖಾಲಿ ಕುರ್ಚಿಗಳೇ ಜಾಸ್ತಿ.

ನಮ್ಮ ಭಾಗದ ವಿಷಯಗಳಿಗೆ ಸಣ್ಣ ಸಭೆಯೇ ಹೆಚ್ಚಾಗಿ ಹೊಂದುತ್ತದೆ ಅಂತ ನನ್ನ ಅನುಭವ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದ ಆರ್ಸೆನಿಕ್ ವಿಚಾರವನ್ನೇ ನೋಡಿ. ಅಲ್ಲಿನ ಹಳೆಯ ಚಿನ್ನದ ಗಣಿಯ ಸುತ್ತಲಿನ ನೀರು ಮತ್ತು ಜನರ ಚರ್ಮದ ತೊಂದರೆಯ ಅಧ್ಯಯನ 2013ರಲ್ಲಿ ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಇಂಥ ವಿಷಯವನ್ನು ಸಾಮಾನ್ಯ ಮೆಡಿಸಿನ್ ಸಮ್ಮೇಳನಕ್ಕೆ ಒಯ್ದರೆ "ಪಾಪ" ಅಂತಾರೆ, ಮುಂದಿನ ಸ್ಲೈಡಿಗೆ ಹೋಗುತ್ತಾರೆ. ಆರ್ಸೆನಿಕ್ ಬಗ್ಗೆಯೇ ನಡೆಯುವ ಅಂತರರಾಷ್ಟ್ರೀಯ ಸಮಾವೇಶ ಇದೆ. ಅಲ್ಲಿಗೆ ಬರುವವರು ಬಂಗಾಳದಲ್ಲಿ, ಬಾಂಗ್ಲಾದೇಶದಲ್ಲಿ ಇದೇ ನೀರಿನ ಜೊತೆ ಏಗಿದವರು. ಯಾವ ಫಿಲ್ಟರ್ ಆರು ತಿಂಗಳಿಗೆ ಕೆಟ್ಟಿತು, ಯಾವ ಊರಿನವರು ಹಳೆ ಬೋರಿಗೇ ಯಾಕೆ ಮರಳಿದರು ಅನ್ನುವುದನ್ನು ಅವರು ಹೇಳಬಲ್ಲರು.

ವಿದೇಶವೋ, ಹೈದರಾಬಾದೋ

ಮೊದಲು ಒಂದು ಭಯ ಬಿಡಿಸಿಬಿಡುತ್ತೇನೆ. ಎಂಡಿ, ಎಂಎಸ್ ವಿದ್ಯಾರ್ಥಿಗಳ ನಿಯಮದಲ್ಲಿ ಕೇಳುವುದು ರಾಷ್ಟ್ರ ಅಥವಾ ರಾಜ್ಯ ಮಟ್ಟದ ಸಮ್ಮೇಳನ. ವಿದೇಶಕ್ಕೆ ಹೋಗಲೇಬೇಕು ಅಂತ ಇಲ್ಲ. ಕೋರ್ಸ್ ಮುಗಿಸುವುದಕ್ಕಾಗಿ ಮನೆಯವರ ಹತ್ತಿರ ಸಾಲ ಮಾಡಿಸಿ ವಿಮಾನ ಹತ್ತಬೇಡಿ.

ಯುರೋಪ್ ಅಂದರೆ ರಿಜಿಸ್ಟ್ರೇಶನ್ ಫೀಗೇ ನೂರಾರು ಯೂರೋ. ವಿಮಾನ, ವಸತಿ, ಊಟ ಬೇರೆ. ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ 90 ಯೂರೋ ಶುಲ್ಕ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ. ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕು. ನಮಗೆ ಅದು ಹೈದರಾಬಾದ್ ಅಥವಾ ಬೆಂಗಳೂರು. ಅಂದರೆ ಡ್ಯೂಟಿಯಿಂದ ಇನ್ನೆರಡು ದಿನ ರಜೆ. ಸರ್ಕಾರಿ ಕಾಲೇಜಿನವರಿಗೆ ಎನ್‌ಒಸಿ (ಹೋಗಲು ಅಭ್ಯಂತರ ಇಲ್ಲ ಎಂಬ ಪತ್ರ) ಬೇರೆ ಬೇಕು. ಆ ಫೈಲು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವುದಕ್ಕೆ ಹಿಡಿಯುವ ಹೊತ್ತನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ನನ್ನ ಸಹೋದ್ಯೋಗಿಯೊಬ್ಬರ ಓರಲ್ ಪ್ರೆಸೆಂಟೇಶನ್ (ವೇದಿಕೆ ಮೇಲೆ ನಿಂತು ಮಾತಾಡುವುದು) ಆಯ್ಕೆಯಾಗಿತ್ತು. ಎನ್‌ಒಸಿ ಅವರ ಕೈಗೆ ಬಂದದ್ದು ಸಮ್ಮೇಳನ ಮುಗಿದ ಮೇಲಿನ ಸೋಮವಾರ. ಫೀ ಮರಳಿ ಬರಲಿಲ್ಲ. ಅವರು ಆ ಅರ್ಜಿ ಕೊಟ್ಟದ್ದು ಅಬ್‌ಸ್ಟ್ರಾಕ್ಟ್ ಒಪ್ಪಿಗೆ ಆದಮೇಲೆ. ನೀವು ಅಬ್‌ಸ್ಟ್ರಾಕ್ಟ್ ಕಳಿಸಿದ ದಿನವೇ ವಿಭಾಗದ ಮುಖ್ಯಸ್ಥರಿಗೆ (ಎಚ್‌ಒಡಿ) ಒಂದು ಪತ್ರ ಕೊಟ್ಟುಬಿಡಿ.

ನೆರವಿನ ದಾರಿಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತನ್ನ ಸಂಸ್ಥೆಗಳ ಹೊರಗಿನ ವೈದ್ಯ ವಿಜ್ಞಾನಿಗಳಿಗೂ ವಿದೇಶಿ ಸಮ್ಮೇಳನಗಳ ಪ್ರಯಾಣಕ್ಕೆ ನೆರವು ಕೊಡುತ್ತಾ ಬಂದಿದೆ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನಲ್ಲೂ ಇಂಥ ಯೋಜನೆ ಇದೆ. ಸಂಶೋಧನೆಗೆ ನೆರವು ಕೊಡುತ್ತಿದ್ದ, ಹಿಂದೆ ಎಸ್‌ಇಆರ್‌ಬಿ ಎಂದಿದ್ದ ಸರ್ಕಾರಿ ಮಂಡಳಿ 2023ರ ಕಾಯ್ದೆಯ ನಂತರ ಅನುಸಂಧಾನ ನ್ಯಾಷನಲ್ ರಿಸರ್ಚ್ ಫೌಂಡೇಶನ್‌ನಲ್ಲಿ ಸೇರಿಹೋಗಿದೆ. ಹಳೆ ಹೆಸರಿನಲ್ಲಿ ಹುಡುಕಿ ಸುಮ್ನೆ ಸುಸ್ತಾಗಬೇಡಿ. ಎಷ್ಟೋ ಯೋಜನೆಗಳಲ್ಲಿ ದುಡ್ಡು ಕೈಗೆ ಬರುವುದು ಹೋಗಿ ಬಂದು ಬಿಲ್ಲು ಕೊಟ್ಟಮೇಲೆ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಇನ್ನೊಂದು ಮಾತು. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಭಾರತ ಕೆಳ ಮಧ್ಯಮ ಆದಾಯದ ದೇಶ. ಇಂಥ ದೇಶಗಳವರಿಗೆ ಫೀ ಕಡಿಮೆ ಮಾಡುವ ಸಮ್ಮೇಳನಗಳು ಬಹಳ ಇವೆ. ಸೈಟಿನಲ್ಲಿ ಕಾಣದಿದ್ದರೆ ಮೇಲ್ ಹಾಕಿ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿದೆ?

ಹೈದರಾಬಾದ್ ನಮಗೆ ದೊಡ್ಡ ಅನುಕೂಲ. ಕಲಬುರಗಿಯಿಂದ ರೈಲಿನಲ್ಲಿ ನಾಲ್ಕೈದು ಗಂಟೆ. ಬೀದರಿನವರಿಗೆ ಇನ್ನೂ ಹತ್ತಿರ. ಅಲ್ಲಿ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಇದೆ, ಜೀವಕೋಶ ಮತ್ತು ಅಣು ಜೀವಶಾಸ್ತ್ರದ ಕೇಂದ್ರ ಸಿಸಿಎಂಬಿ ಇದೆ. ಊರ ಹೊರಗೆ ಪಟಾನ್‌ಚೆರುವಿನಲ್ಲಿ 1972ರಿಂದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇದೆ. ತೊಗರಿ, ಜೋಳ, ಕಡಲೆ, ಶೇಂಗಾದ ಮೇಲೆ ಕೆಲಸ ಮಾಡುವ ಜಗತ್ತಿನ ವಿಜ್ಞಾನಿಗಳು ಬಂದು ಹೋಗುವ ಜಾಗ ಅದು. ತೊಗರಿಯ ನೆಟೆ ರೋಗದ ಮೇಲೆ ಕೆಲಸ ಮಾಡುವ ನಮ್ಮ ಹುಡುಗರು ಅದನ್ನು ಬಿಟ್ಟು ದೂರದ ದೇಶದ ಸಾಮಾನ್ಯ ಕೃಷಿ ಸಮ್ಮೇಳನಕ್ಕೆ ದುಡ್ಡು ಕಟ್ಟುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರಿಗೂ ಇದೇ ಮಾತು ಹೇಳುತ್ತೇನೆ. ಮೂರು ತಾಸಿನ ದಾರಿಯಲ್ಲಿ ಸಿಗುವವರನ್ನು ಮೊದಲು ಕಾಣಿ.

ಹೈದರಾಬಾದಿನ ಸಭೆಗಳ ತೊಂದರೆ ಒಂದೇ. "ಅಂತರರಾಷ್ಟ್ರೀಯ" ಅಂತ ಬ್ಯಾನರಿನಲ್ಲಿ ಇರುತ್ತದೆ, ಹೊರದೇಶದವರು ಇಬ್ಬರೇ ಇರುತ್ತಾರೆ, ಅವರೂ ವಿಡಿಯೊದಲ್ಲಿ. ಹೋದ ಸಲದ ಕಾರ್ಯಕ್ರಮ ಪಟ್ಟಿ ತರಿಸಿಕೊಂಡು ನೋಡಿ. ಯಾವ ದೇಶಗಳಿಂದ ಎಷ್ಟು ಪೇಪರ್ ಬಂದಿದ್ದವು ಅನ್ನುವುದು ಅದರಲ್ಲೇ ತಿಳಿಯುತ್ತದೆ.

ನೇಪಾಳಕ್ಕೆ ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಕಾರ್ಡ್ ಸಾಕು. ಹಾಗಾಗಿ ಕಠ್ಮಂಡುವಿನಂಥ ಸಭೆಗಳು ಮೊದಲ ಸಲ ಹೊರಗೆ ಹೋಗುವವರಿಗೆ ಒಳ್ಳೆಯವು. ಎನ್‌ಒಸಿ ಮಾತ್ರ ಅಲ್ಲಿಗೂ ಬೇಕು.

ಪೋಸ್ಟರೋ, ಓರಲ್ಲೋ

ನಮ್ಮ ಕಡೆ ಓರಲ್ ಸಿಕ್ಕರೆ ಗೌರವ, ಕೆಲಸವನ್ನು ದೊಡ್ಡ ಹಾಳೆಯಲ್ಲಿ ಬರೆದು ಬೋರ್ಡಿಗೆ ಹಚ್ಚುವ ಪೋಸ್ಟರ್ ಸಿಕ್ಕರೆ ಮುಖ ಸಪ್ಪೆ. ಗೈಡ್‌ಗಳೇ ಈ ಭಾವನೆ ತುಂಬಿದ್ದೇವೆ. ನಾನು ಪೋಸ್ಟರ್ ಪರ.

ಓರಲ್ ಅಂದರೆ ಸಾಮಾನ್ಯವಾಗಿ ಏಳೆಂಟು ನಿಮಿಷ ಮಾತು, ಎರಡು ನಿಮಿಷ ಪ್ರಶ್ನೆ. ಹಿಂದಿನವರು ಹೊತ್ತು ಮೀರಿದರೆ ಆ ಎರಡು ನಿಮಿಷವೂ ಇಲ್ಲ. ಟ್ರಯಲ್‌ನ ಫಲಿತಾಂಶದಂತೆ ಒಂದೇ ಸ್ಪಷ್ಟ ಉತ್ತರ ಇರುವ ಕೆಲಸಕ್ಕೆ ಓರಲ್ ಸರಿ. ಸರ್ಜರಿಯ ಹೊಸ ವಿಧಾನ ತೋರಿಸುವ ವಿಡಿಯೊ ಇದ್ದರೆ ಓರಲ್ಲೇ ಬೇಕು. ಇನ್ನೂ ನಡೆಯುತ್ತಿರುವ, ತಿದ್ದಿಕೊಳ್ಳಬೇಕಾದ, ಜನರ ನಡುವಿನ ಕೆಲಸಕ್ಕೆ ಪೋಸ್ಟರ್ ಒಳ್ಳೆಯದು. ಒಂದು ಒಂದೂವರೆ ಗಂಟೆ ನೀವು ಅದರ ಪಕ್ಕ ನಿಂತಿರುತ್ತೀರಿ. ಬೇಕಾದವರು ಮಾತ್ರ ನಿಲ್ಲುತ್ತಾರೆ. ನಿಂತವರು ನಿಜವಾಗಿ ಕೇಳುತ್ತಾರೆ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ನಮ್ಮಲ್ಲಿ ಬಹಳ. ನಾನೂ ಹಾಗೇ ಬಂದವಳು. ವೇದಿಕೆ ಮೇಲೆ ಇಂಗ್ಲಿಷಿನಲ್ಲಿ ತಡವರಿಸಿದರೆ ಏನು ಗತಿ ಅನ್ನುವ ಅಂಜಿಕೆ ನನಗೆ ಗೊತ್ತು. ಪೋಸ್ಟರ್ ಮುಂದೆ ಆ ಅಂಜಿಕೆ ಹತ್ತು ನಿಮಿಷಕ್ಕೆ ಕರಗುತ್ತದೆ. ಎದುರಿಗಿರುವ ಬ್ರೆಜಿಲ್‌ನವರಿಗೋ ಥಾಯ್ಲೆಂಡಿನವರಿಗೋ ಇಂಗ್ಲಿಷ್ ನಿಮ್ಮಷ್ಟೇ ಪರಭಾಷೆ.

ನನ್ನ ಮೊದಲ ಅಂತರರಾಷ್ಟ್ರೀಯ ಪೋಸ್ಟರ್ ಗುಳೆ ಹೋಗುವ ಗರ್ಭಿಣಿಯರ ತಪಾಸಣೆ ಬಗ್ಗೆ ಇತ್ತು. ಕೊನೆಯ ಅರ್ಧ ಗಂಟೆಯಲ್ಲಿ ಇಥಿಯೋಪಿಯಾದ ಒಬ್ಬ ನರ್ಸ್ ಬಂದು ನಿಂತರು. ದನ ಮೇಯಿಸುತ್ತಾ ಊರೂರು ಹೋಗುವ ಜನರ ನಡುವೆ ಅವರ ಕೆಲಸ. ಪೂರ್ತಿ ಓದಿದರು. ಆಮೇಲೆ ತಪಾಸಣೆ, ಲಸಿಕೆ ಬರೆದಿಡುವ ಕಾರ್ಡಿನ ಬಗ್ಗೆ ಒಂದೇ ಪ್ರಶ್ನೆ ಕೇಳಿದರು: "ಮನೆಯವರು ಹೊರಟಾಗ ಕಾರ್ಡ್ ಯಾರ ಹತ್ತಿರ ಇರುತ್ತದೆ?" ನಾನು ಆ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಊರಿಗೆ ಬಂದು ತಾಂಡಾದಲ್ಲಿ ಕೇಳಿದೆ. ಒಬ್ಬ ಅಜ್ಜಿ ಮಂಚದ ಕೆಳಗಿನ ಕಬ್ಬಿಣದ ಟ್ರಂಕು ಎಳೆದರು. ಸೀರೆ ಮಡಿಕೆಯ ಒಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಜ್ಜಿ ಸೊಸೆಯ ಆ ಕಾರ್ಡನ್ನು, ನಮ್ಮಲ್ಲಿ "ತಾಯಿ ಕಾರ್ಡ್" ಅನ್ನುವುದನ್ನು, ಇಟ್ಟಿದ್ದರು. "ಅಲ್ಲಿ ಕಳಕೋತಾಳಂತ ನಾನೇ ಇಟ್ಕೊಂಡೀನವ್ವಾ" ಅಂದರು. ಸೊಸೆ ಪುಣೆಯಲ್ಲಿ, ಕಟ್ಟಡದ ಕೆಲಸದಲ್ಲಿ. ಕೂಸಿಗೆ ಯಾವ ಲಸಿಕೆ ಆಗಿದೆ ಅಂತ ಅಲ್ಲಿನ ನರ್ಸಿಗೆ ತೋರಿಸಲು ಕೈಯಲ್ಲಿ ಏನೂ ಇಲ್ಲ. ಈಗಿನ ನನ್ನ ವಿದ್ಯಾರ್ಥಿನಿಯ ಥೀಸಿಸ್ ಹುಟ್ಟಿದ್ದು ಆ ಟ್ರಂಕಿನಿಂದ. ಏಳು ನಿಮಿಷದ ಭಾಷಣ ಮಾಡಿದ್ದರೆ ಆ ನರ್ಸ್ ನನಗೆ ಸಿಗುತ್ತಿರಲಿಲ್ಲ.

ಪೋಸ್ಟರ್ ಮಾಡುವವರಿಗೆ ಕೆಲವು ಮಾತು. ಸಾಮಾನ್ಯ ಅಳತೆ ಎ0, ಅಂದರೆ 841 ಮಿಲಿಮೀಟರ್‌ಗೆ 1189 ಮಿಲಿಮೀಟರ್. ಉದ್ದಕ್ಕೆ ನಿಲ್ಲುವುದೋ ಅಡ್ಡಕ್ಕೆ ಮಲಗುವುದೋ ಅಂತ ಸೂಚನೆಯಲ್ಲಿ ನೋಡಿ. ನಾವೊಮ್ಮೆ ಅಡ್ಡ ಪೋಸ್ಟರ್ ಒಯ್ದೆವು, ಬೋರ್ಡು ಉದ್ದದ್ದು. ಎರಡೂ ಬದಿ ಹೊರಗೆ ಚಾಚಿ, ಪಕ್ಕದವರ ಶೀರ್ಷಿಕೆಯ ಮೇಲೆ ಬಂತು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಫ್ಲೆಕ್ಸ್ ಅಂಗಡಿಯಲ್ಲಿ ಚೆನ್ನಾಗಿಯೇ ಪ್ರಿಂಟ್ ಆಗುತ್ತದೆ. ಬಟ್ಟೆಯ ಮೇಲೆ ಮಾಡಿಸಿದರೆ ಮಡಚಿ ಬ್ಯಾಗಿನಲ್ಲಿ ಇಡಬಹುದು, ಉದ್ದನೆ ಕೊಳವೆ ಹೊತ್ತು ವಿಮಾನ ಹತ್ತಬೇಕಿಲ್ಲ. ಆ ಅಂಗಡಿಯ ಹುಡುಗ ನನ್ನ ಫೈಲು ತೆರೆದವನೇ, "ಮೇಡಂ, ಇಷ್ಟ್ ಸಣ್ಣ ಅಕ್ಷರ ಯಾರ್ ಓದ್ತಾರ್ರಿ?" ಅಂದ. ಅವನು ದಿನಾ ರಸ್ತೆಯ ಆ ಕಡೆಯಿಂದ ಓದುವ ಬ್ಯಾನರ್ ಮಾಡುವವನು. ಅವನ ಮಾತು ಕೇಳಿ ಅರ್ಧ ಪಠ್ಯ ತೆಗೆದೆ. 2019ರಲ್ಲಿ ಅಮೆರಿಕದ ಮೈಕ್ ಮಾರಿಸನ್ ಎಂಬ ಸಂಶೋಧಕ ಇದನ್ನೇ ಹೇಳಿ ಹೆಸರಾದರು: ಮುಖ್ಯ ಫಲಿತಾಂಶವನ್ನು ಸರಳ ವಾಕ್ಯದಲ್ಲಿ, ನಡುಮಧ್ಯದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿರಿ. ಉಳಿದದ್ದು ಬದಿಗೆ.

ಕೈಯಲ್ಲಿ ಕೊಡಲು ಒಂದು ಹಾಳೆಯೂ ಇರಲಿ. ಜರ್ಮನಿಯ ಕಾರ್ಲ್‌ಸ್ರೂಹೆಯಲ್ಲಿ 1860ರ ಸೆಪ್ಟೆಂಬರಿನಲ್ಲಿ ನೂರಕ್ಕೂ ಹೆಚ್ಚು ರಸಾಯನ ವಿಜ್ಞಾನಿಗಳು ಸೇರಿದ್ದರು. ಪರಮಾಣು ತೂಕವನ್ನು ಹೇಗೆ ಲೆಕ್ಕ ಹಾಕಬೇಕು ಅಂತ ಮೂರು ದಿನ ಚರ್ಚೆ ಆಯಿತು, ಒಮ್ಮತ ಬರಲಿಲ್ಲ. ಇಟಲಿಯ ಕ್ಯಾನಿಜಾರೋ ಅವರ ಕಿರುಪುಸ್ತಕವನ್ನು ಕೊನೆಗೆ ಅವರ ಗೆಳೆಯ ಪಾವೆಸಿ ಹಂಚಿದರು. ಲೋಥರ್ ಮೇಯರ್ ಅದನ್ನು ಮನೆಗೆ ಹೋಗುವ ದಾರಿಯಲ್ಲಿ ಓದಿದರು. ಗೊಂದಲ ಬಿಟ್ಟುಹೋಯಿತು ಅಂತ ಆಮೇಲೆ ಬರೆದರು. ಮೆಂಡಲೀವ್ ಕೂಡ ಆ ಸಭೆಯಲ್ಲಿದ್ದರು. ಧಾತುಗಳ ಆವರ್ತಕ ಕೋಷ್ಟಕದ ದಾರಿ ಅಲ್ಲಿಂದ ತೆರೆಯಿತು. ಸಭೆಯಲ್ಲಿ ಕಿವಿ ತುಂಬಿರುತ್ತದೆ. ಓದುವುದು ವಾಪಸ್ ಹೋಗುವ ರೈಲಿನಲ್ಲಿ.

ಆನ್‌ಲೈನ್ ಸಾಕೇ?

2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ. ಆ ದಿನಗಳನ್ನು ಇಲ್ಲಿಯ ಡಾಕ್ಟರುಗಳು ಮರೆತಿಲ್ಲ. ಆ ವರ್ಷ ಸಮ್ಮೇಳನಗಳೆಲ್ಲ ಪರದೆಗೆ ಬಂದವು. ಕ್ವಾರ್ಟರ್ಸಿನ ಅಡುಗೆಮನೆ ಪಕ್ಕದಲ್ಲಿ ಕೂತು ಜಿನೀವಾದ ಮಾತು ಕೇಳಿದೆವು. ಯಾದಗಿರಿಯಿಂದ, ಶಹಾಪುರದಿಂದ ಯಾರೂ ಹೋಗಲಾಗದ ಕಡೆಗೆ ಬಾಗಿಲು ತೆರೆಯಿತು. ಪಿಎಚ್‌ಸಿಯ ಮೆಡಿಕಲ್ ಆಫೀಸರ್‌ಗಳಿಗೆ, ಸಣ್ಣ ಮಕ್ಕಳ ತಾಯಂದಿರಿಗೆ ಇವತ್ತಿಗೂ ಇದೇ ಸರಿಯಾದ ದಾರಿ. ಫೀ ಕಡಿಮೆ, ವೀಸಾ ಇಲ್ಲ.

ಕೇಳುವುದಕ್ಕೆ ಆನ್‌ಲೈನ್ ಒಳ್ಳೆಯದು. ಜನರ ಪರಿಚಯಕ್ಕೆ ಅಲ್ಲ. ಇ-ಪೋಸ್ಟರ್ ಅನ್ನು ಯಾರು ತೆರೆದರು, ಯಾರು ಓದಿದರು ಒಂದೂ ತಿಳಿಯುವುದಿಲ್ಲ. ಹೊತ್ತನ್ನೂ ನೋಡಿಕೊಳ್ಳಿ. ಬೇಸಿಗೆಯಲ್ಲಿ ಬ್ರಸೆಲ್ಸ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಹಾಗಾಗಿ ತೊಂದರೆ ಇಲ್ಲ. ನ್ಯೂಯಾರ್ಕಿನ ಮಧ್ಯಾಹ್ನ ಮೂರು ಅಂದರೆ ಇಲ್ಲಿ ರಾತ್ರಿ ಹನ್ನೆರಡೂವರೆ. ನನ್ನ ಒಬ್ಬ ವಿದ್ಯಾರ್ಥಿ ಮೇ ತಿಂಗಳಲ್ಲಿ ಹಾಗೆ ಎದ್ದು ಕೂತಿದ್ದ. ಮೂರನೇ ಸ್ಲೈಡಿಗೆ ಕರೆಂಟ್ ಹೋಯಿತು, ವೈಫೈ ನಿಂತಿತು. ಮೊಬೈಲ್ ಡೇಟಾ ಹಾಕಿ ಮರಳಿ ಬರುವಷ್ಟರಲ್ಲಿ ಅವನ ಸರದಿ ಮುಗಿದಿತ್ತು. ಆಗಿನಿಂದ ನಮ್ಮ ವಿಭಾಗದಲ್ಲಿ ಒಂದು ರೂಢಿ ಮಾಡಿದ್ದೇವೆ. ಮಾತನ್ನು ಮೊದಲೇ ರೆಕಾರ್ಡ್ ಮಾಡಿ ಆಯೋಜಕರಿಗೆ ಕಳಿಸಿಬಿಡುತ್ತೇವೆ. ಪ್ರಶ್ನೆಗೆ ಮಾತ್ರ ಎದುರಿಗೆ ಕೂರುತ್ತೇವೆ.

"ಗಣ್ಯ ಪ್ರೊಫೆಸರರೇ" ಎಂಬ ಮೇಲ್

ಈ ಐದನೆಯದರ ಬಗ್ಗೆ ನಿಮಗೆ ಕೈಮುಗಿದು ಹೇಳುತ್ತೇನೆ, ದಯವಿಟ್ಟು ಹೋಗಬೇಡಿ. ಇದು ದೂರದ ಮಾತಲ್ಲ. ಹೈದರಾಬಾದ್ ಮೂಲದ ಓಮಿಕ್ಸ್ ಎಂಬ ಜರ್ನಲ್ ಮತ್ತು ಸಮ್ಮೇಳನ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಕೇಸು ಹಾಕಿತು. ಸರಿಯಾದ ಪೀರ್ ರಿವ್ಯೂ (ಅದೇ ವಿಷಯದ ತಜ್ಞರಿಂದ ಪರಿಶೀಲನೆ) ಇಲ್ಲದಿದ್ದರೂ ಇದೆ ಎಂದು ಹೇಳಿದ್ದು, ಫೀ ಮುಚ್ಚಿಟ್ಟದ್ದು, ಒಪ್ಪಿಗೆ ಕೊಡದ ವಿಜ್ಞಾನಿಗಳ ಹೆಸರನ್ನು ಸಮ್ಮೇಳನದ ಜಾಹೀರಾತಿಗೆ ಬಳಸಿದ್ದು ಅದರ ಆರೋಪಗಳು. 2019ರಲ್ಲಿ ಅಲ್ಲಿಯ ಫೆಡರಲ್ ಕೋರ್ಟು 5 ಕೋಟಿ ಡಾಲರಿಗೂ ಜಾಸ್ತಿ ಕಟ್ಟಬೇಕೆಂದು ಆದೇಶ ಕೊಟ್ಟಿತು.

ನನಗೆ ಪರಿಚಯದ ಒಬ್ಬರು ಇಂಥದ್ದೇ ಇನ್ನೊಂದು ಮೇಲ್ ನಂಬಿ, ಸ್ವಂತ ದುಡ್ಡು ಹಾಕಿ ಹೋದರು. ಹೋಟೆಲಿನ ಒಂದು ಸಣ್ಣ ಕೋಣೆ. ಹಲ್ಲಿನ ಡಾಕ್ಟರ್ ಆದಮೇಲೆ ಮಣ್ಣು ವಿಜ್ಞಾನಿ, ಅವರಾದಮೇಲೆ ಇವರು. ಕೇಳುವವರು ಅಂದರೆ ಮುಂದೆ ಮಾತಾಡಬೇಕಾದವರೇ. ಸರ್ಟಿಫಿಕೇಟ್ ಮಾತ್ರ ದಪ್ಪ ಕಾಗದದ್ದು. ಊರಿಗೆ ಬಂದು ಆ ವಿಷಯ ಯಾರ ಹತ್ತಿರವೂ ಆಡಲಾರದೆ ಎಷ್ಟೋ ದಿನ ನೊಂದರು. ತಪ್ಪು ಅವರದಲ್ಲ. ಸಂಶೋಧನೆ ಮಾಡಿದವರನ್ನು ಗುರುತಿಸುವವರು ಇಲ್ಲದ ಕಡೆ ಇಂಥ ಮೇಲ್ ಸುಲಭವಾಗಿ ಮನಸ್ಸಿಗೆ ನಾಟುತ್ತದೆ.

ಗುರುತಿಸುವುದು ಹೇಗೆ? ಯಾವ ಸಂಘ ನಡೆಸುತ್ತಿದೆ ಅಂತ ನೋಡಿ, ಆ ಸಂಘಕ್ಕೆ ಸಮ್ಮೇಳನದ ಹೊರಗೂ ಬದುಕು ಇದೆಯೇ ನೋಡಿ. ವಿಷಯಗಳ ಪಟ್ಟಿ ಕ್ಯಾನ್ಸರಿನಿಂದ ಕಾಂಕ್ರೀಟಿನವರೆಗೆ ಇದ್ದರೆ ಬಿಡಿ. ಅಬ್‌ಸ್ಟ್ರಾಕ್ಟ್ ಕಳಿಸಿದ ಮರುದಿನವೇ ಒಪ್ಪಿಗೆ ಬಂದರೆ ಯಾರೂ ಓದಿಲ್ಲ ಅಂತಲೇ ಅರ್ಥ. ಸಮಿತಿಯಲ್ಲಿ ಹೆಸರಿರುವ ಒಬ್ಬರಿಗೆ ನೇರವಾಗಿ ಮೇಲ್ ಹಾಕಿ, ನೀವು ಇದರಲ್ಲಿ ಇದ್ದೀರಾ ಅಂತ ಕೇಳಿ. ನಾನು ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಇಲ್ಲ ಅಂತ ಉತ್ತರ ಬಂತು. "ಥಿಂಕ್, ಚೆಕ್, ಅಟೆಂಡ್" ಎಂಬ ಹೆಸರಿನ ಪ್ರಶ್ನಾವಳಿ ಇದೆ, ಅದನ್ನೂ ನೋಡಿಕೊಳ್ಳಬಹುದು.

ಸಮ್ಮೇಳನ ಮೊದಲೋ, ಜರ್ನಲ್ ಮೊದಲೋ

ಸಮ್ಮೇಳನದಲ್ಲಿ ಹೇಳಿದರೆ ಜರ್ನಲ್‌ನವರು ತೆಗೆದುಕೊಳ್ಳುವುದಿಲ್ಲ ಅನ್ನುವ ತಪ್ಪು ತಿಳಿವಳಿಕೆ ಬಹಳ ಇದೆ. ವೈದ್ಯಕೀಯ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಸೂಚನೆ ಪ್ರಕಾರ ಅಬ್‌ಸ್ಟ್ರಾಕ್ಟ್ ಅಥವಾ ಪೋಸ್ಟರ್ ಆಗಿದ್ದನ್ನು ಪೂರ್ತಿ ಪೇಪರ್ ಆಗಿ ಕಳಿಸಲು ಅಡ್ಡಿ ಇಲ್ಲ. ಕಳಿಸುವಾಗ ಅದನ್ನು ಹೇಳಿದರೆ ಸಾಕು. ನಿಜವಾದ ಅಪಾಯ ಬೇರೆ. ಸಮ್ಮೇಳನ ಮುಗಿದ ಮೇಲೆ ಬರೆಯುವುದೇ ನಿಂತುಹೋಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ 2018ರ ಕಾಕ್ರೇನ್ ಪರಾಮರ್ಶೆ 3 ಲಕ್ಷಕ್ಕೂ ಹೆಚ್ಚು ಅಬ್‌ಸ್ಟ್ರಾಕ್ಟ್‌ಗಳ ಗತಿ ನೋಡಿತು. ಪೂರ್ತಿ ಪೇಪರ್ ಆಗಿ ಬಂದದ್ದು ಶೇ 37ರಷ್ಟು ಮಾತ್ರ. ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ಪೇಪರಿನ ಮೊದಲ ಕರಡು ಕೈಯಲ್ಲಿ ಇಲ್ಲದೆ ಹೊರದೇಶಕ್ಕೆ ಹೊರಡಲು ನಾನು ಬಿಡುವುದಿಲ್ಲ.

ಪೇಟೆಂಟ್ ಆಗಬಹುದಾದ ಸಾಧನವೋ, ಪರೀಕ್ಷೆಯ ಕಿಟ್ಟೋ ಇದ್ದರೆ ಮಾತ್ರ ಮೊದಲು ಬಾಯಿ ಬಿಡಬೇಡಿ. ನಮ್ಮ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ ವಿದ್ವತ್ ಸಂಘದ ಮುಂದೆ ಓದಿದ ಪೇಪರಿಗೆ 12 ತಿಂಗಳ ಅವಕಾಶ ಕೊಡುತ್ತದೆ. ಯುರೋಪಿನಲ್ಲಿ ಆ ಸೌಲಭ್ಯ ಇಲ್ಲ. ಒಮ್ಮೆ ಪೋಸ್ಟರ್ ಹಚ್ಚಿದರೆ ಹೊಸತನ ಹೋಯಿತು.

ಎಥಿಕ್ಸ್ ಕಮಿಟಿ ಒಪ್ಪಿಗೆ ಪತ್ರದ ಸಂಖ್ಯೆ ಕೈಯಲ್ಲಿರಲಿ. ರೋಗಿಯ ಫೋಟೊ ಹಾಕುವುದಾದರೆ, ಅದನ್ನು ಹೊರದೇಶದಲ್ಲಿ ಜನ ನೋಡುತ್ತಾರೆ ಅಂತ ಅವರ ಭಾಷೆಯಲ್ಲಿ ತಿಳಿಸಿ ಸಹಿ ತೆಗೆದುಕೊಳ್ಳಿ. ತಾಂಡಾದಲ್ಲಿ ಲಂಬಾಣಿ ಮಾತಾಡುವ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ.

ಹೋಗಲು ಆಗದಿದ್ದರೆ

ಜೊತೆಗಾರರಲ್ಲಿ ಒಬ್ಬರು ಹೋದರೂ ಸಾಕು. ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿ ಕಂಡರು. ಮರುವರ್ಷ ಕಲ್ಕತ್ತದಲ್ಲಿ ಹಕ್ಕಿ ಮಲೇರಿಯಾದ ಮೂಲಕ ಉಳಿದ ದಾರಿ ಬಿಡಿಸಿದರು. 1898ರ ಜುಲೈನಲ್ಲಿ ಎಡಿನ್‌ಬರೋದಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಶನ್ ಸಭೆ. ರಾಸ್ ಇದ್ದದ್ದು ಇಲ್ಲೇ, ಭಾರತದಲ್ಲಿ. ಅವರ ಪರವಾಗಿ ಸಭೆಗೆ ತಿಳಿಸಿದವರು ಬ್ರಿಟನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್. ಹೆಸರು ರಾಸ್ ಅವರದ್ದೇ ಉಳಿಯಿತು, 1902ರ ನೊಬೆಲ್ ಕೂಡ. ಹಾಗಾಗಿ ಯಾರು ಹೋಗುತ್ತಾರೆ, ಯಾರ ಹೆಸರು ಮೊದಲು ಅನ್ನುವುದನ್ನು ಅಬ್‌ಸ್ಟ್ರಾಕ್ಟ್ ಕಳಿಸುವ ಮೊದಲೇ ಕೂತು ಬರೆದಿಟ್ಟುಕೊಳ್ಳಿ. ಗೈಡ್‌ಗಳಾದ ನಾವು ವಿಮಾನದ ಟಿಕೆಟ್ ನೋಡಿ ಹೆಸರಿನ ಕ್ರಮ ಬದಲಿಸಬಾರದು.

ಇನ್ನು ಅವಳ ಐದು ಮೇಲ್

ಐದನೆಯದನ್ನು ಅಳಿಸಿದೆವು. ಯುರೋಪಿನದು ಈ ವರ್ಷ ಬೇಡ ಅಂದೆ. ಅಲ್ಲಿ ಇವಳ ವಿಷಯಕ್ಕೆ ಒಂದೇ ಒಂದು ಸೆಷನ್ ಇದೆ, ಅದೂ ಕೊನೆಯ ದಿನ ಮಧ್ಯಾಹ್ನ. ಆನ್‌ಲೈನ್‌ದಕ್ಕೆ ಕೇಳುವವಳಾಗಿ ಹೆಸರು ಕೊಟ್ಟಿದ್ದಾಳೆ. ಹೈದರಾಬಾದಿನದರ ಹಳೆ ಪಟ್ಟಿ ತರಿಸಿ ನೋಡಿದೆವು, ಗುಳೆ, ವಲಸೆ ಅನ್ನುವ ಮಾತೇ ಅದರಲ್ಲಿಲ್ಲ. ಕಠ್ಮಂಡುವಿನ ಸಭೆಗೆ ಬರುವವರು ಬಿಹಾರದಿಂದ, ನೇಪಾಳದ ತರಾಯಿಯಿಂದ, ಬಾಂಗ್ಲಾದೇಶದಿಂದ ದುಡಿಯಲು ಹೊರಡುವ ಕುಟುಂಬಗಳ ಜೊತೆ ಕೆಲಸ ಮಾಡುವವರು. ಪೋಸ್ಟರ್ ಅಂತ ತಾನೇ ಆರಿಸಿಕೊಂಡಳು. ಕೋರ್ಸಿನ ಲೆಕ್ಕಕ್ಕೆ ರಾಜ್ಯ ಸಮ್ಮೇಳನದಲ್ಲಿ ಓರಲ್ ಮಾಡುತ್ತಾಳೆ. ಅದಕ್ಕೂ ಮೊದಲು ಚಿಂಚೋಳಿಯ ತಾಂಡಾಗಳ ಆಶಾ ಕಾರ್ಯಕರ್ತೆಯರನ್ನು ಕೂರಿಸಿಕೊಂಡು ಒಂದು ಹಾಳೆ ಕನ್ನಡದಲ್ಲಿ ಓದಿ ಹೇಳಬೇಕು. ಮಾಹಿತಿ ಕೊಟ್ಟವರು ಅವರು, ತಪ್ಪಿದ್ದರೆ ಮೊದಲು ಹೇಳಬಲ್ಲವರೂ ಅವರೇ.

ಅಬ್‌ಸ್ಟ್ರಾಕ್ಟಿಗೆ 250 ಪದ ಮಿತಿ. ನಿನ್ನೆ ಎಣಿಸಿದಾಗ 268 ಇತ್ತು. ತಾಯಿ ಕಾರ್ಡ್ ಅಂದರೇನು ಅಂತ ವಿವರಿಸುವ ಸಾಲನ್ನು ತೆಗೆಯಲು ಹೊರಟಿದ್ದಳು. ಅದನ್ನು ಮುಟ್ಟಬೇಡ ಅಂದೆ, ಹೊರಗಿನವರಿಗೆ ಅದೇ ಮುಖ್ಯ. ಪೀಠಿಕೆಯ ಎರಡನೇ ವಾಕ್ಯ ಹೋದರೆ 18 ಪದ ಸಿಗುತ್ತವೆ. ಶುಕ್ರವಾರ ಕೊನೆ ದಿನ. ಇವತ್ತು ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಕಳಿಸುತ್ತೇನೆ ಅಂದಿದ್ದಾಳೆ.